ಬಳೆ ತೊಟ್ಟ ಕೈ, ಅಕ್ಷರವಿಲ್ಲದ ಕಲ್ಲು

ಅಮೃತಹಳ್ಳಿಯಲ್ಲಿ ಮನೆ ಅಂದ ಕೂಡಲೇ ಆಫೀಸಿನಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ‘ಹೆಬ್ಬಾಳ ಫ್ಲೈಓವರ್ ದಾಟೋಕೆ ಎಷ್ಟು ಹೊತ್ತು ಹಿಡಿಯುತ್ತೆ?’ ಉತ್ತರ ದಿನಕ್ಕೊಂದು ಥರ. ಆದರೆ ಹೆಬ್ಬಾಳವನ್ನು ದಾಟೋದೊಂದೇ ಕೆಲಸ ಅಂದುಕೊಂಡವರಿಗೆ ಒಂದು ಭಾನುವಾರ ಬೆಳಗ್ಗೆ ಅಲ್ಲೇ ಇಳಿದು ನೋಡಿ ಅಂತ ನಾನು ಹೇಳುತ್ತೇನೆ. ಅಲ್ಲಿ ಕಿತ್ತಯ್ಯ ಇದ್ದಾನೆ. ಸುಮಾರು ಕ್ರಿ.ಶ. 750ರಿಂದ ಇದ್ದಾನೆ.

2018ರಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆಯುವಾಗ ಸಿಕ್ಕ ವೀರಗಲ್ಲು ಅದು. ಗಂಗರ ದೊರೆ ಶ್ರೀಪುರುಷ ಆಳುತ್ತಿದ್ದಾಗ ರಟ್ಟವಾಡಿಯವರು, ಅಂದರೆ ರಾಷ್ಟ್ರಕೂಟರ ಕಡೆಯವರು, ದಾಳಿ ಮಾಡಿದರು. ಊರು ಉಳಿಸಲು ಕಿತ್ತಯ್ಯ ಎಂಬವನು ಕಾದಾಡಿ ಸತ್ತ. ಅವನ ನೆನಪಿಗೆ ಈ ಕಲ್ಲು ನಿಂತಿತು. ಅದರಲ್ಲಿ ಪೆರ್ಬೊಳಲ್ ಎಂಬ ನಾಡಿನ ಹೆಸರೂ ಇದೆ. ಹಳಗನ್ನಡದ ‘ಪ’ ಮುಂದೆ ‘ಹ’ ಆಯಿತು ಅಂತ ಶಾಲೆಯಲ್ಲಿ ಓದಿದ್ದು ನೆನಪಿದೆಯಲ್ಲ, ಪಾಲು ಹಾಲಾದ ಹಾಗೆ ಪೆರ್ಬೊಳಲ್ ಸವೆದು ಸವೆದು ಹೆಬ್ಬಾಳವಾಗಿದೆ. ಆ ವ್ಯಾಕರಣದ ಪಾಠ ನಾನು ದಿನಾ ನಿಲ್ಲುವ ಸಿಗ್ನಲ್ಲಿನ ಪಕ್ಕದಲ್ಲೇ ಹೂತುಹೋಗಿತ್ತು! ಊರಿನ ಆಸಕ್ತರು ಸೇರಿ ಆ ಕಲ್ಲಿಗೆ ಚೆಂದದ ಮಂಟಪ ಕಟ್ಟಿಸಿದ್ದಾರೆ. ಹನ್ನೆರಡೂವರೆ ಶತಮಾನ ಹಳೆಯ ಮನುಷ್ಯನಿಗೆ ಅಪಾರ್ಟ್‌ಮೆಂಟುಗಳ ನಡುವೆ ಒಂದು ಸ್ವಂತ ಸೈಟು ಸಿಕ್ಕಿದ್ದು ಬೆಂಗಳೂರಿನ ಮಟ್ಟಿಗೆ ಸಣ್ಣ ವಿಷಯವಲ್ಲ.

ಕಿತ್ತಯ್ಯ ಉಳಿದದ್ದಕ್ಕೆ ಕಾರಣ ಅವನ ಕಲ್ಲಿನ ಮೇಲಿದ್ದ ಅಕ್ಷರ. ಹಳಗನ್ನಡ ಓದಬಲ್ಲವರು ಬಂದರು, ಹೆಸರು ಸಿಕ್ಕಿತು, ಕಾಲ ಸಿಕ್ಕಿತು, ಪತ್ರಿಕೆಗಳಲ್ಲಿ ಬಂತು. ಅಕ್ಷರ ಇಲ್ಲದೆ ಬರೀ ಒಬ್ಬ ಮನುಷ್ಯ ಕತ್ತಿ ಹಿಡಿದ ಚಿತ್ರ ಮಾತ್ರ ಇದ್ದಿದ್ದರೆ? ಅಂಥ ಕಲ್ಲುಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ಕೆಲವು ಅಶ್ವತ್ಥಕಟ್ಟೆಯ ಮೇಲೆ ಅರಿಶಿನ ಬಳಿಸಿಕೊಂಡು ದೇವರಾಗಿವೆ, ಕೆಲವು ಮೋರಿಗೆ ಚಪ್ಪಡಿಯಾಗಿವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ನಾನು ಬರೆಯಹೊರಟಿದ್ದು ಅವುಗಳ ಬಗ್ಗೆ. ಯಾಕಂದ್ರೆ ಅವೂ ಓದೋಕೆ ಬರುತ್ತವೆ. ಅಕ್ಷರ ಬರದವರು ಓದಲಿ ಅಂತಲೇ ಅವನ್ನು ಕೆತ್ತಿದ್ದು.

ನನ್ನದು ಸಾಫ್ಟ್‌ವೇರ್ ಕೆಲಸ. ಮೊಬೈಲಿನಲ್ಲಿ ಕಸದ ಬುಟ್ಟಿಯ ಚಿತ್ರ ಕಂಡರೆ ‘ಇದನ್ನು ಒತ್ತಿದರೆ ಅಳಿಸಿಹೋಗುತ್ತೆ’ ಅಂತ ಯಾವ ಭಾಷೆಯವರಿಗಾದರೂ ಗೊತ್ತಾಗಬೇಕು. ಅದಕ್ಕಾಗಿ ನಮ್ಮ ಟೀಮಿನಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತೆ. ವೀರಗಲ್ಲು ಕೆತ್ತಿದ ಕಲ್ಲುಕುಟಿಗನೂ ಅದೇ ಕೆಲಸ ಮಾಡಿದ್ದಾನೆ, ನಮಗಿಂತ ಚೆನ್ನಾಗಿ.

ದೊಡ್ಡ ವೀರಗಲ್ಲುಗಳಲ್ಲಿ, ಅದರಲ್ಲೂ ಕಲ್ಯಾಣದ ಚಾಲುಕ್ಯರು ಮತ್ತು ಹೊಯ್ಸಳರ ಕಾಲದವುಗಳಲ್ಲಿ, ಸಾಮಾನ್ಯವಾಗಿ ಮೂರು ಅಂಕಣಗಳಿರುತ್ತವೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನದರಲ್ಲಿ ಆ ಮನುಷ್ಯ ಹೇಗೆ ಸತ್ತ ಎಂಬುದಿದೆ: ಕಾಳಗ, ಕುದುರೆ, ಬಿಲ್ಲು, ಬಿದ್ದ ಹೆಣ. ನಡುವಿನದರಲ್ಲಿ ಅಪ್ಸರೆಯರು ಅವನ ಎರಡೂ ಬದಿಗೆ ನಿಂತು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಎದುರು ಕೈಮುಗಿದು ಕೂತಿದ್ದಾನೆ, ಪಕ್ಕದಲ್ಲಿ ನಂದಿ, ಪೂಜಾರಿ. ಲಿಂಗದ ಜಾಗದಲ್ಲಿ ಜಿನನ ಮೂರ್ತಿ ಇದ್ದರೆ ಸತ್ತವನು ಜೈನ. ಎಲ್ಲಕ್ಕಿಂತ ಮೇಲೆ ಒಂದು ದುಂಡನೆಯ ಸೂರ್ಯ, ಒಂದು ಬಿದಿಗೆ ಚಂದ್ರ. ಅವರಿಬ್ಬರೂ ಇರುವತನಕ ಈ ಹೆಸರು ಇರಲಿ ಅಂತ ಅರ್ಥ. ಗಂಗರ ಕಾಲದ ನಮ್ಮ ಕಡೆಯ ಕಲ್ಲುಗಳಲ್ಲಿ ಇಷ್ಟೊಂದು ಅಂತಸ್ತು ಸಾಮಾನ್ಯವಾಗಿ ಇರೋದಿಲ್ಲ. ಹೆಚ್ಚಾಗಿ ಒಂದೇ ಚಿತ್ರ, ಹೋರಾಡುವ ವೀರ, ಅಷ್ಟೇ. ನನಗೇನೋ ಆ ಸರಳವಾದದ್ದೇ ಇಷ್ಟ.

ಸತ್ತ ಕಾರಣ ತಿಳಿಯಬೇಕಾದರೆ ಕೆಳಗಿನ ಅಂಕಣವನ್ನು ನಿಧಾನವಾಗಿ ನೋಡಬೇಕು. ಕಾಲ ಬಳಿ ಸಾಲಾಗಿ ದನಗಳಿದ್ದರೆ ಅದು ತುರುಗೊಳ್, ಅಂದರೆ ದನ ಕದಿಯಲು ಬಂದವರ ಜೊತೆ ಬಡಿದಾಡಿ ಸತ್ತದ್ದು. ಆಗಿನ ಕಾಲಕ್ಕೆ ದನವೇ ಬ್ಯಾಂಕ್ ಬ್ಯಾಲೆನ್ಸ್. ಹೆಂಗಸರ ಮಾನ ಕಾಯಲು ಹೋಗಿ ಸತ್ತವರ ಕಲ್ಲುಗಳೂ ಇವೆ. ಪೆಣ್ಬುಯ್ಯಲ್ ಅಂತ ಶಾಸನಗಳು ಅದನ್ನು ಕರೆಯುತ್ತವೆ. ಹುಲಿಯ ಎದೆಗೆ ಕತ್ತಿ ತಿವಿಯುತ್ತಿದ್ದರೆ ಹುಲಿಯ ಜೊತೆ ಕಾದಿದವನು. ಬಾಗಿಸಿದ ಗಳುವಿಗೆ ಜುಟ್ಟು ಕಟ್ಟಿಕೊಂಡು ಕೂತವನ ಚಿತ್ರವಿದ್ದರೆ ಅದು ಸಿಡಿತಲೆ: ಕತ್ತು ಕತ್ತರಿಸಿದ ಕೂಡಲೇ ಗಳು ಚಿಮ್ಮಿ ತಲೆ ಮೇಲಕ್ಕೆ ಹಾರುತ್ತೆ. ಹರಕೆಗೋ ಒಡೆಯನ ಮೇಲಿನ ನಿಷ್ಠೆಗೋ ಹಾಗೆ ಪ್ರಾಣ ಕೊಡುತ್ತಿದ್ದರು. ಮೊದಲ ಸಲ ಇದರ ಅರ್ಥ ಗೊತ್ತಾದ ದಿನ ನಂಗೆ ಊಟ ಸೇರಲಿಲ್ಲ.

ಮನುಷ್ಯರಿಗಷ್ಟೇ ಅಲ್ಲ. ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಒಂದು ಕಲ್ಲಿದೆ, ಕ್ರಿ.ಶ. 949-50ರದ್ದು. ಅದರ ಮೇಲಿರೋದು ಒಂದು ನಾಯಿ, ಒಂದು ಕಾಡುಹಂದಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೆರ ಎಂಬ ಗಂಗರ ಕಡೆಯ ವೀರನಿಗೆ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ ‘ಏನು ಬೇಕೋ ಕೇಳು’ ಅಂದನಂತೆ. ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಊಟ ಮಾಡುವ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಅಂತ ಬರೆಸಿದರು. ಅದರ ಅಕ್ಷರಗಳಲ್ಲಿ ಚೋಳ ರಾಜಾದಿತ್ಯ ಸತ್ತ ದೊಡ್ಡ ಇತಿಹಾಸವಿದೆ. ವಿದ್ವಾಂಸರು ಅದಕ್ಕಾಗಿ ಬರುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ, ಅವು ಬೆರಳು ತೋರಿಸೋದು ನಾಯಿಯ ಕಡೆಗೆ ಮಾತ್ರ. ಕೆತ್ತಿದವನಿಗೆ ಅದು ಗೊತ್ತಿತ್ತು ಅನ್ನಿಸುತ್ತೆ.

ದಾನದ ಕಲ್ಲುಗಳದ್ದು ಬೇರೆಯೇ ವರ್ಣಮಾಲೆ. ಸೂರ್ಯಚಂದ್ರರ ಜೊತೆ ಕರುವಿಗೆ ಹಾಲೂಡುವ ಹಸು, ಒಂದು ಕತ್ತಿ, ಲಿಂಗ. ಕೊಡೆ ಹಿಡಿದ ವಾಮನನಿದ್ದರೆ ವಿಷ್ಣುವಿನ ಕಡೆಯ ದಾನ. ಒಂದರ ಮೇಲೊಂದು ಮೂರು ಕೊಡೆ, ಅಂದರೆ ಮುಕ್ಕೊಡೆ ಇದ್ದರೆ ಬಸದಿಯದ್ದು. ಈ ಭೂಮಿಗೆ ಕೈ ಹಾಕಿದವನಿಗೆ ಗಂಗೆಯ ತಡಿಯಲ್ಲಿ ಹಸು ಕೊಂದ ಪಾಪ ಬರಲಿ ಅಂತ ಅಕ್ಷರದಲ್ಲಿ ಬರೆದದ್ದು ಓದು ಬಂದವರಿಗೆ. ಓದು ಬಾರದ ಕಳ್ಳರಿಗೆ ಹೆಂಗಸಿನ ಮೇಲೆ ಏರಿದ ಕತ್ತೆಯ ಚಿತ್ರ ಕೆತ್ತಿಟ್ಟ ಕಲ್ಲುಗಳಿವೆ. ಕುಟುಂಬದವರೆಲ್ಲ ಓದುವ ಪತ್ರಿಕೆ, ಇದಕ್ಕಿಂತ ಬಿಡಿಸಿ ಹೇಳಲಾರೆ. ಒಟ್ಟಿನಲ್ಲಿ ಬೈಗುಳವನ್ನೂ ಚಿತ್ರದಲ್ಲೇ ಬೈದಿದ್ದಾರೆ, ಅದೂ ಬರೀ ಕಳ್ಳನಿಗಲ್ಲ, ಅವನ ತಾಯಿಗೆ.

ಇಂಥ ಚಿತ್ರದ ಓದು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಕೆಲಸದ ಮೇಲೆ ಆರು ತಿಂಗಳು ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ ಸಹೋದ್ಯೋಗಿಯೊಬ್ಬಳು ಒಂದು ಶನಿವಾರ ಕಾರಿನಲ್ಲಿ ಹೆರೆಫೋರ್ಡ್‌ಷೈರಿನ ಎರ್ಡಿಸ್ಲಿ ಎಂಬ ಹಳ್ಳಿಗೆ ಕರೆದುಕೊಂಡು ಹೋದಳು. ಅಲ್ಲಿಯ ಚರ್ಚಿನಲ್ಲಿ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುವ ಕಲ್ಲಿನ ಬಾನಿ ಇದೆ, ಹನ್ನೆರಡನೇ ಶತಮಾನದ್ದು. ಬಾನಿಯ ಸುತ್ತ ಇಬ್ಬರು ಆಳುಗಳು ಕಾದಾಡುತ್ತಿದ್ದಾರೆ, ಒಬ್ಬನ ಕೈಲಿ ಈಟಿ, ಒಬ್ಬನ ಕೈಲಿ ಕತ್ತಿ, ಸುತ್ತಲೂ ಹಗ್ಗದಂತೆ ಹೆಣೆದ ಬಳ್ಳಿ, ಒಂದು ದೊಡ್ಡ ಸಿಂಹ. ಇನ್ನೊಂದು ಬದಿಗೆ ಯೇಸು, ಬಳ್ಳಿಯ ಸಿಕ್ಕಿನಲ್ಲಿ ಸಿಕ್ಕಿಬಿದ್ದವನೊಬ್ಬನ ಕೈ ಹಿಡಿದು ನರಕದಿಂದ ಎಳೆಯುತ್ತಿದ್ದಾನೆ. ಅಪ್ಪಟ ವೀರಗಲ್ಲು! ಕೆಳಗೆ ಕಾಳಗ, ಮೇಲೆ ಸ್ವರ್ಗ ಅನ್ನುವ ಬದಲು ಕಾಳಗ ಒಂದು ಪಕ್ಕ, ಬಿಡುಗಡೆ ಇನ್ನೊಂದು ಪಕ್ಕ. ಆ ಇಬ್ಬರು ಯಾರು ಅಂತ ಬಾನಿಯ ಮೇಲೆ ಬರೆದಿಲ್ಲ. ಹಿಂದೆ ಆ ಸೀಮೆಯಲ್ಲಿ ಬಡಿದಾಡಿದ ಮಾವ ಅಳಿಯ ಅಂತ ಊರಿನಲ್ಲಿ ಒಂದು ಕಥೆಯಿದೆಯಂತೆ. ಅಕ್ಷರ ಇಲ್ಲದ ಕಡೆ ಕಥೆ ಬಂದು ಕೂರೋದು ಎಲ್ಲ ದೇಶದಲ್ಲೂ ಒಂದೇ.

ಅಲ್ಲಿಯ ಬಾನಿಗಳ ಪಾಡೂ ನಮ್ಮ ಕಲ್ಲುಗಳ ಪಾಡಿನ ಹಾಗೆಯೇ. ಮಂತ್ರಿಸಿದ ನೀರನ್ನು ಮಾಟಮಂತ್ರಕ್ಕೆ ಕದಿಯುತ್ತಾರೆಂದು 1236ರಲ್ಲಿ ಬಾನಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಿರಿ ಅಂತ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ಆಜ್ಞೆ ಮಾಡಬೇಕಾಯಿತು. 1644ರಲ್ಲಿ ಅದೇ ದೇಶದ ಪಾರ್ಲಿಮೆಂಟು ಇವೆಲ್ಲ ಮೂಢನಂಬಿಕೆ, ಕಿತ್ತುಹಾಕಿ ಅಂತ ಕಾನೂನು ತಂದಿತು. ಎಷ್ಟೋ ಬಾನಿಗಳು ರೈತರ ಕೊಟ್ಟಿಗೆಯಲ್ಲಿ ದನ ನೀರು ಕುಡಿಯುವ ತೊಟ್ಟಿಗಳಾದವು. ಮುಂದೆ ಯಾರೋ ಗುರುತಿಸಿ ಕೆಲವನ್ನು ವಾಪಸು ತಂದಿಟ್ಟರು. ದೇವರ ವಸ್ತು ಆಗುವುದು, ಬೇಡದ ವಸ್ತು ಆಗುವುದು, ಮತ್ತೆ ಬೇಕಾಗುವುದು. ಇದನ್ನು ಕೇಳಿದಾಗ ನಂಗೆ ಊರಿನ ಹೊಲದಲ್ಲಿದ್ದ ಮಾಸ್ತಮ್ಮ ನೆನಪಾದಳು.

ನಮ್ಮಪ್ಪನ ಊರು ದೊಡ್ಡಬಳ್ಳಾಪುರದಿಂದ ಆಚೆ. ಅಲ್ಲಿ ನಮ್ಮ ಹೊಲದ ಮೂಲೆಯಲ್ಲಿ ಹುಣಸೆಮರದ ಬುಡಕ್ಕೆ ಒರಗಿ ಸೊಂಟದೆತ್ತರದ ಒಂದು ಕಲ್ಲು ಇತ್ತು. ಬಿತ್ತನೆಗೆ ಮುಂಚೆ ಅದಕ್ಕೆ ತೆಂಗಿನಕಾಯಿ ಒಡೆಯೋದು ವಾಡಿಕೆ. ಕಲ್ಲಿನ ಮೇಲೆ ಒಂದು ಕಂಬ, ಕಂಬದಿಂದ ಹೊರಟ ಒಂದೇ ಒಂದು ಹೆಣ್ಣಿನ ತೋಳು. ಮೊಣಕೈ ಮಡಿಸಿ ಅಂಗೈ ಎತ್ತಿದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ನಿಂಬೆಹಣ್ಣು. ಮುಂಗೈ ತುಂಬ ಬಳೆ. ಕಂಬದ ಬುಡದಲ್ಲಿ ಗೇಣುದ್ದದ ಗಂಡು, ಹೆಣ್ಣು. ಗಂಡಿನ ಕೈಲಿ ಕತ್ತಿ, ಹೆಣ್ಣಿನ ಕೈಲಿ ದುಂಡನೆಯದು ಏನೋ. ಮೇಲೆ ಸೂರ್ಯ, ಚಂದ್ರ. ಒಂದಕ್ಷರವೂ ಇಲ್ಲ.

ಇದು ಮಾಸ್ತಿಕಲ್ಲು. ಮಹಾಸತಿ ಅನ್ನೋದೇ ಬಾಯಲ್ಲಿ ಮಾಸ್ತಿ ಆಗಿದ್ದು. ಮಾಲೂರು ತಾಲ್ಲೂಕಿನ ಮಾಸ್ತಿ ಊರಿಗೂ, ಅಲ್ಲಿಂದ ನಮ್ಮ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೂ ಬಂದ ಹೆಸರು ಇದೇ. ಗಂಡ ಸತ್ತಾಗ ಬೆಂಕಿಗೆ ಹೋದವಳ ಗುರುತು. ಓದುವ ಕ್ರಮ ಹೀಗೆ: ಕತ್ತಿ ಹಿಡಿದವನು ಗಂಡ, ಯಾವುದೋ ಜಗಳದಲ್ಲಿ ಸತ್ತವನು. ತೋಳಿನ ಬಳೆ ಅಂದರೆ ಅವಳು ಬಳೆ ಒಡೆಸಿಕೊಳ್ಳದೆ, ಮುತ್ತೈದೆಯಾಗಿಯೇ ಹೋದಳು ಎಂದು. ಎತ್ತಿದ ಅಂಗೈ, ಉಳಿದವರಿಗೆ ಅವಳ ಆಶೀರ್ವಾದ. ಇಡೀ ಹೆಂಗಸನ್ನು ಕೆತ್ತದೆ ಒಂದು ಕೈಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ. ಇದಕ್ಕಿಂತ ಚಿಕ್ಕದಾಗಿ ಇದಕ್ಕಿಂತ ದೊಡ್ಡ ಸಂಗತಿ ಹೇಳಿದ ಚಿತ್ರ ನಾನು ನೋಡಿಲ್ಲ. ಇದಕ್ಕಿಂತ ಭಯ ಹುಟ್ಟಿಸಿದ್ದನ್ನೂ ನೋಡಿಲ್ಲ.

ಆ ನಿಂಬೆಹಣ್ಣು, ಆ ದುಂಡನೆಯ ವಸ್ತು ಏನೆಂದು ಕಣ್ಣಾರೆ ಕಂಡು ಬರೆದವನೊಬ್ಬನಿದ್ದಾನೆ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ, 1623ರ ನವೆಂಬರಿನಲ್ಲಿ ಕೆಳದಿ ನಾಯಕರ ಇಕ್ಕೇರಿಯಲ್ಲಿದ್ದ. ಸತಿ ಹೋಗಲು ನಿಶ್ಚಯಿಸಿದ ಹೆಂಗಸೊಬ್ಬಳು ಕುದುರೆಯ ಮೇಲೆ ಬೀದಿಯಲ್ಲಿ ಹೋಗುವುದನ್ನು ನೋಡಿದ. ಒಂದು ಕೈಲಿ ಕನ್ನಡಿ, ಇನ್ನೊಂದು ಕೈಲಿ ನಿಂಬೆಹಣ್ಣು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತ ಹೋಗುತ್ತಿದ್ದಳು. ಅದೇ ಊರಿನಲ್ಲಿ, ಬೆಂಕಿಗೆ ಬೀಳುವ ದಿನಕ್ಕೆ ಕಾಯುತ್ತಿದ್ದವಳ ಮನೆಗೆ ಅವನು ಹೋಗಿ ಮಾತಾಡಿಸಿಯೂ ಇದ್ದಾನೆ. ಅವಳ ಹೆಸರನ್ನು ಅವನು ಇಟಲಿಯ ಕಿವಿಗೆ ಕೇಳಿದ ಹಾಗೆ ‘ಜಾಕ್ಕಮಾ’ ಅಂತ ಬರೆದುಕೊಂಡ. ನಮ್ಮ ಬಾಯಲ್ಲಿ ಜಕ್ಕಮ್ಮ ಇರಬೇಕು. ಗಂಡ ತಮಟೆ ಬಾರಿಸುವವನು. ರಾಣಿಯಲ್ಲ, ದೊಡ್ಡ ಮನೆತನದವಳಲ್ಲ. ಸಣ್ಣ ಮಕ್ಕಳಿದ್ದವು. ಅವನ್ನು ಬಿಟ್ಟು ಹೇಗೆ ಹೋಗುತ್ತೀ ಅಂತ ಅವನು ಕೇಳಿದ, ತಡೆಯಲು ನೋಡಿದ. ನೋಡಿಕೊಳ್ಳುವವರಿದ್ದಾರೆ ಅಂದಳು. ಅವಳ ವಯಸ್ಸು ಸುಮಾರು ಮೂವತ್ತು ಅಂತ ಅವನು ಅಂದಾಜು ಮಾಡಿದ್ದಾನೆ.

ನಂಗೂ ಮೂವತ್ತು.

ಇದನ್ನು ಓದಿದ ಮೇಲೆ ಊರಿಗೆ ಹೋದಾಗ ಕಲ್ಲಿನ ಬುಡದ ಹೆಣ್ಣಿನ ಕೈಯನ್ನು ಹತ್ತಿರದಿಂದ ನೋಡಿದೆ. ದುಂಡನೆಯದಕ್ಕೆ ಕೆಳಗೆ ಒಂದು ಹಿಡಿ ಇತ್ತು. ಕನ್ನಡಿಯೇ. ನನ್ನ ಹೆಬ್ಬೆರಳ ಉಗುರಿಗಿಂತ ದೊಡ್ಡದಿಲ್ಲ.

ಹೋದ ವರ್ಷ ಆ ಹೊಲ ಲೇಔಟಿಗೆ ಮಾರಾಟವಾಯಿತು. ಪಾಲುದಾರರು ಏಳು ಜನ, ಅಭಿಪ್ರಾಯ ಎಂಟು. ಕೊಂಡವರು ಕಲ್ಲನ್ನು ‘ಪಾರ್ಕಿನಲ್ಲಿ ಇಟ್ಕೋತೀವಿ’ ಅಂದರು. ಪಾರ್ಕು ಇನ್ನೂ ನಕ್ಷೆಯಲ್ಲೇ ಇತ್ತು. ಚಿಕ್ಕಪ್ಪ ‘ಮುಟ್ಟಬೇಡಿ, ಮನೆಗೆ ಒಳ್ಳೇದಾಗಲ್ಲ’ ಅಂದರು. ಕೆರೆಗೆ ಬಿಟ್ಟುಬಿಡೋಣ ಅಂತ ಇನ್ನೊಬ್ಬರು. ನಮ್ಮ ಕಸಿನ್ ಒಬ್ಬಳು ಕಾನೂನು ಓದಿದವಳು, ಅವಳದ್ದು ನೇರ ಪ್ರಶ್ನೆ: ಹೆಣ್ಣನ್ನು ಸುಟ್ಟಿದ್ದಕ್ಕೆ ನಿಲ್ಲಿಸಿದ ಕಲ್ಲನ್ನು ಯಾಕೆ ಉಳಿಸಬೇಕು? ಸತಿಯನ್ನು ವೈಭವೀಕರಿಸೋದೂ ಅಪರಾಧ ಅಂತ 1987ರಲ್ಲೇ ಕಾಯ್ದೆ ಬಂದಿದೆಯಲ್ಲ?

ಅವಳ ಮಾತು ತೆಗೆದುಹಾಕುವಂಥದ್ದಲ್ಲ. ಆ ಕಲ್ಲಿಗೆ ಕೈಮುಗಿಯೋಕೆ ನಂಗೂ ಮನಸ್ಸು ಬರೋದಿಲ್ಲ. ಆದರೆ ಕಲ್ಲು ಹೋದರೆ ಮಾಡಿದವರ ತಪ್ಪು ಹೋಗಲ್ಲ, ಹೋದವಳ ಗುರುತು ಮಾತ್ರ ಹೋಗುತ್ತೆ. ಇಕ್ಕೇರಿಯ ಜಕ್ಕಮ್ಮನಿಗೆ ಬರೆದುಕೊಳ್ಳುವ ವಿದೇಶಿಯೊಬ್ಬ ಸಿಕ್ಕಿದ. ನಮ್ಮ ಹೊಲದವಳಿಗೆ ಸಿಕ್ಕಿದ್ದು ಒಬ್ಬ ಕಲ್ಲುಕುಟಿಗ ಮಾತ್ರ. ಅವನು ಅವಳ ಕೈಗೆ ಕನ್ನಡಿ ಕೊಟ್ಟಿದ್ದಾನೆ. ಅಷ್ಟೇ ಅವಳ ದಾಖಲೆ.

ಕೊನೆಗೆ ಎಲ್ಲರ ಬಾಯಿ ಮುಚ್ಚಿಸಿದ್ದು ದೊಡ್ಡಮ್ಮ. ದೊಡ್ಡಪ್ಪ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅವತ್ತಿನಿಂದ ಅವರನ್ನು ಬಳೆ ತೊಡಿಸುವ ಶಾಸ್ತ್ರಕ್ಕೆ ಯಾರೂ ಕರೆಯೋದಿಲ್ಲ. ಬಾಗಿಲ ಮರೆಯಲ್ಲಿ ನಿಂತು ನೋಡಿದ್ದು ನಾನೇ ಕಂಡಿದ್ದೀನಿ. ಮಾಸ್ತಮ್ಮನ ಪೂಜೆ ಮಾತ್ರ ಅವರು ಬಿಟ್ಟಿರಲಿಲ್ಲ. ವರ್ಷಕ್ಕೊಂದು ಸಲ ಸಂತೆಯಿಂದ ಒಂದು ಡಜನ್ ಹಸಿರು ಗಾಜಿನ ಬಳೆ ತಂದು ಆ ಕಲ್ಲಿನ ಮುಂದೆ ಇಡುತ್ತಿದ್ದರು. ಇದರಲ್ಲಿ ಭಕ್ತಿ ಎಷ್ಟು, ಸಿಟ್ಟು ಎಷ್ಟು ಅಂತ ನಾನು ಯಾವತ್ತೂ ಕೇಳಲಿಲ್ಲ. ಅವತ್ತು ಪಂಚಾಯ್ತಿ ಥರ ಎಲ್ಲರೂ ಕೂತಿದ್ದಾಗ ಅವರು ಹೇಳಿದ್ದು ಇಷ್ಟು: ‘ಅವಳು ಹೋದ್ಲು, ನಾನು ಉಳಿದೆ. ನಾನು ಇರೋಗಂಟ ಅವಳು ಇರ್ಲಿ.’

ಊರ ಆಂಜನೇಯನ ಗುಡಿಯ ಪಕ್ಕಕ್ಕೆ ಸಾಗಿಸೋದು ಅಂತಾಯಿತು. ಜೆಸಿಬಿಯವನು ಸರಪಳಿ ಬಿಗಿಯುವ ಮುಂಚೆ ಗೋಣಿಚೀಲ ಸುತ್ತಿ ಅಂತ ನಾನು ಹಟ ಮಾಡಿದೆ. ಗುಡಿಯ ಹತ್ತಿರ ಗಾರೆಯವನ ಜೊತೆ ಇನ್ನೊಂದು ಜಗಳ. ಕಲ್ಲು ಗಟ್ಟಿಯಾಗಿ ನಿಲ್ಲಲಿ ಅಂತ ಅವನು ಒಂದೂವರೆ ಅಡಿ ಸಿಮೆಂಟಿನಲ್ಲಿ ಹೂಳುವುದಕ್ಕೆ ಹೊರಟಿದ್ದ. ಹಾಗೆ ಮಾಡಿದ್ದರೆ ಗಂಡ, ಹೆಂಡತಿ, ಕನ್ನಡಿ ಮೂರೂ ನೆಲದೊಳಗೆ. ಕೈ ಕಾಣುತ್ತಲ್ಲ ಸಾಕು ಬಿಡಮ್ಮ ಅಂದ. ಸಾಲದು ಅಂತ ಹಿಂದಿನಿಂದ ಎರಡು ಕಲ್ಲಿನ ಊರೆ ಕೊಡಿಸಿ, ಕೆಳಗಿನ ಅಂಕಣ ಬಿಡಿಸಿ ನಿಲ್ಲಿಸಿದೆವು. ಗುಡಿಗೆ ಬಣ್ಣ ಹೊಡೆಸುವಾಗ ಇದಕ್ಕೂ ಆಯಿಲ್ ಪೇಂಟ್ ಬಳಿಯುವ ಉತ್ಸಾಹಿಗಳಿರುತ್ತಾರೆ. ಅದನ್ನು ತಡೆಯುವ ಕೆಲಸ ದೊಡ್ಡಮ್ಮನಿಗೆ ವಹಿಸಿದ್ದೇನೆ.

ನೀವೂ ನಿಮ್ಮ ಊರಿನಲ್ಲಿ ಇಂಥದ್ದು ಕಂಡರೆ ಒಂದಿಷ್ಟು ಮಾಡಬಹುದು. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲೇ ಬಂದಿದೆ. ನಿಮ್ಮ ಕಲ್ಲಿನಲ್ಲಿ ಅಕ್ಷರ ಇದ್ದರೆ ಅದರಲ್ಲಿ ಹುಡುಕಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಇಲ್ಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಕಾಣದ ಸವೆದ ಅಕ್ಷರವೂ ಕಂಪ್ಯೂಟರಿನಲ್ಲಿ ಎದ್ದು ಬರೋದನ್ನು ನೋಡಿದರೆ ನಮ್ಮ ವೃತ್ತಿಯ ಬಗ್ಗೆ ಅಪರೂಪಕ್ಕೆ ಹೆಮ್ಮೆಯಾಗುತ್ತೆ. ಆದರೆ ಶಾಸನದ ಪುಸ್ತಕಗಳು ಶಾಸನಕ್ಕಾಗಿ ಇರುವಂಥವು. ಬರೀ ಚಿತ್ರದ ಕಲ್ಲಿಗೆ ಅಲ್ಲಿ ಜಾಗ ಸಿಗೋದು ಕಷ್ಟ. ಅದರ ಪಟ್ಟಿ ಊರಿನವರೇ ಇಟ್ಟುಕೊಳ್ಳಬೇಕು: ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು, ಊರವರು ಏನಂತ ಕರೆಯುತ್ತಿದ್ದರು. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ನಾಲ್ಕೂ ಬದಿಯಿಂದ ಫೋಟೋ. ವೈರ್ ಬ್ರಷ್, ಆ್ಯಸಿಡ್ ಬೇಡ. ನೀರು, ಮೆತ್ತನೆ ಬ್ರಷ್ ಸಾಕು. ಸುಣ್ಣ ಬಳಿದು ಅಕ್ಷರ ಎಬ್ಬಿಸುವ ಹಳೇ ಉಪಾಯವೂ ಬೇಡ.

ಫೋಟೋ ತೆಗೆಯುವ ಹೊತ್ತು ಮುಖ್ಯ. ಹಳೇಬೀಡಿನ ಬಳಪದ ಕಲ್ಲು ಮೆದು, ಚಾಣಕ್ಕೆ ಚೆನ್ನಾಗಿ ಬಗ್ಗುತ್ತೆ, ಬೆಟ್ಟು ತೂರುವಷ್ಟು ಆಳವಾಗಿ ಕೆತ್ತಬಹುದು. ನಮ್ಮ ಸೀಮೆಯದು ಗ್ರಾನೈಟು. ಗಟ್ಟಿ, ಒರಟು ಕಾಳಿನ ಕಲ್ಲು, ಕೆತ್ತನೆ ಎಷ್ಟೋ ಸಲ ಬೆರಳ ದಪ್ಪವೂ ಏಳೋದಿಲ್ಲ. ನಡು ಮಧ್ಯಾಹ್ನ ಹೋದರೆ ಎದುರಿಗೆ ನಿಂತರೂ ಬರೀ ಕಲ್ಲು ಕಾಣುತ್ತೆ. ಬಿಸಿಲು ಓರೆಯಾಗಿ ಬೀಳಬೇಕು, ಇಲ್ಲವೇ ರಾತ್ರಿ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿಯಬೇಕು. ನಮ್ಮ ಮಾಸ್ತಮ್ಮ ಈಗ ತೆಂಕಣಕ್ಕೆ ಮುಖ ಮಾಡಿ ನಿಂತಿದ್ದಾಳೆ. ಬೆಳಗ್ಗೆ ಎಂಟರಿಂದ ಎಂಟೂವರೆಯೊಳಗೆ ಹೋದರೆ ಬಳೆಗಳನ್ನು ಒಂದೊಂದಾಗಿ ಎಣಿಸಬಹುದು, ಏಳು ಇವೆ. ಕನ್ನಡಿ ಇನ್ನೂ ಸ್ವಲ್ಪ ಮುಂಚೆ, ಗುಡಿಯ ನೆರಳು ಸರಿದ ಕೂಡಲೇ, ಐದಾರು ನಿಮಿಷ ಕಾಣುತ್ತೆ.